ಸಾಕ್ಷಿಗೆ ಬಿಟ್ಟ ಕಾಡು

ಎದೆಮಟ್ಟದ ಗುಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂತರೆ ಮೇಲಿದ್ದವರಿಗೆ ಟೋಪಿಯ ತುದಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಷ್ಟೇ ಬೇಕಿತ್ತು ಎಂಬಂತೆ ಅದಾವ್ತೊ ಬೆಳಿಗ್ಗೆಯಿಂದ ಗುಂಡಿಯಲ್ಲೇ ಇದ್ದ. ಬೆವರು ಕುಡಿಯುವ ಪುಟ್ಟ ಜೇನುಗಳು ಕಣ್ಣಿನ ಮೂಲೆಗೇ ಬಂದು ಕೂರುತ್ತಿದ್ದವು. ಓಡಿಸಿದರೆ ಹೋಗಿ, ಸಂಬಂಧಿಕರ ಹಾಗೆ, ಎರಡರಷ್ಟಾಗಿ ವಾಪಸು. ಚಮಚದಂಥ ಕರಣೆಯಿಂದ ಗುಂಡಿಯ ಗೋಡೆ ಕೆರೆದು, ಬೊಗಸೆಯಷ್ಟು ಮಣ್ಣನ್ನು ಮೇಲಕ್ಕೆ ಚಾಚಿದರೆ ಅವನ ವಿದ್ಯಾರ್ಥಿನಿ ತಾಯ್ನಾರಾ ಅದನ್ನು ಚೀಲಕ್ಕೆ ಸುರಿದು ಆಳ ಬರೆಯುತ್ತಿದ್ದಳು. "ಪ್ರೊಫೆಸರ್ರೇ, ಬದುಕಿದ್ದೀರಾ? ಇಲ್ಲ ಅಲ್ಲೇ ಮುಚ್ಬಿಡ್ಲಾ? ನಾನೇ ಪ್ರೊಫೆಸರ್ ಆಗ್ಬಿಡ್ತೀನಿ" ಅಂದಳು. ಅವಳ ನಗುವಿನಲ್ಲಿ ಇನ್ನೂ ನಂಬಿಕೆಯಿತ್ತು. ಅದೇ ಅವನಿಗೆ ಬೇಸರ ತರಿಸಿತು. ಮಧ್ಯಾಹ್ನ ಮಾರ್ಲೆನೆ ಮೇಡಂ ಬರುತ್ತಾರೆ, ಭೂಮಿ ಇಲಾಖೆಯವರು. ಜೊತೆಗೆ, ಈ ನೆಲ ತಮ್ಮವರದೆಂದು ತಕರಾರು ಹಾಕಿರುವ ಆ ಮುದುಕಿ. ಒಂದೇ ಒಂದು ಪ್ರಶ್ನೆ ಕೇಳುತ್ತಾರಂತೆ. ಒಂದೇ ಪ್ರಶ್ನೆಯಿರುವ ಪರೀಕ್ಷೆಯಲ್ಲಿ ಫೇಲಾಗುವುದು ಎಷ್ಟು ಸುಲಭ ಎಂದು ಅವನು ಹಲ್ಲು ಉಜ್ಜುವಾಗಿನಿಂದ ಯೋಚಿಸುತ್ತಿದ್ದ.

ಈ ಕಾಡಿನ ತುಂಡಿಗೆ ಹೆಸರಿಲ್ಲ. ಅವನ ಬರಹಗಳಲ್ಲಿ ಅದು 'ಸಾಕ್ಷಿ'. ಇಲ್ಲಿ ಬೇಸಾಯ ಓದಿದವರೆಲ್ಲ ಹಾಗೇ ಕರೆಯುವುದು: ಹತ್ತು ತುಂಡಿಗೆ ಹತ್ತು ಥರ ಏನಾದರೂ ಮಾಡಿ, ಒಂದನ್ನು ಮುಟ್ಟದೆ ಬಿಟ್ಟರೆ, ಆ ಬಿಟ್ಟದ್ದು ಸಾಕ್ಷಿ. ಸುತ್ತಲಿನ ಕಾಡನ್ನೆಲ್ಲ ಕಡಿದು ಸುಟ್ಟು ಹುಲ್ಲು ಬಿತ್ತಿ, ಹುಲ್ಲಿನ ಮೇಲೆ ಬಿಳಿ ಗೂಳಿಗಳನ್ನು ಬಿಟ್ಟಾಗಿತ್ತು. ಹಳ್ಳದ ಪಕ್ಕದ ಇದೊಂದು ತುಂಡು ಉಳಿದಿತ್ತು. ಹುಲ್ಲುಗಾವಲಿನ ಮಣ್ಣನ್ನೂ ಇಲ್ಲಿನ ಮಣ್ಣನ್ನೂ ಅಕ್ಕಪಕ್ಕ ಇಟ್ಟು, ಹಳೇ ಕಾಡಿನ ಸಾರದಲ್ಲಿ ಎಷ್ಟು ಉಳಿಯಿತು, ಎಷ್ಟು ಗಾಳಿಗೆ ಹೋಯಿತು ಎಂದು ಲೆಕ್ಕ ಹಾಕುವುದೇ ಅದಾವ್ತೊನ ಇಡೀ ಜೀವನದ ಕೆಲಸ. ಅದರ ಗುಟ್ಟು ಇಷ್ಟೇ. ಗಾಳಿಯಲ್ಲಿರುವ ಇಂಗಾಲದಲ್ಲಿ ಹಗುರದ್ದೂ ಇದೆ, ಚೂರು ಭಾರದ್ದೂ ಇದೆ. ಮರಗಳದ್ದು ಮಡಿ. ಹಗುರವಾದದ್ದನ್ನೇ ಆರಿಸಿ ತಿನ್ನುತ್ತವೆ, ಭಾರದ್ದನ್ನು ಎಲೆಯ ಬದಿಗೆ ಸರಿಸುತ್ತವೆ. ಹುಲ್ಲು, ಕಬ್ಬು, ಮೆಕ್ಕೆಜೋಳಗಳಿಗೆ ಅಂಥ ಬಿಗುಮಾನವಿಲ್ಲ, ಬಡಿಸಿದ್ದನ್ನೆಲ್ಲ ಬಾರಿಸುತ್ತವೆ. ಸತ್ತು ಕೊಳೆತು ಮಣ್ಣಾದ ಮೇಲೂ ಆ ಊಟದ ಗುರುತು ಹೋಗುವುದಿಲ್ಲ. ಚಿಟಿಕೆ ಮಣ್ಣನ್ನು ತವರದ ತೆಳು ಹಾಳೆಯಲ್ಲಿ ಮಡಚಿ ಯಂತ್ರಕ್ಕೆ ಹಾಕಿ ಸುಟ್ಟರೆ, ಇಲ್ಲಿ ಬೆಳೆದದ್ದು ಮರವೋ ಹುಲ್ಲೋ ಎಂದು ಹೊಗೆಯೇ ಹೇಳುತ್ತದೆ. ಲ್ಯಾಬಿಗೆ ಹೊಸಬರು ಬಂದಾಗ ಅವರ ಉಗುರು ಕತ್ತರಿಸಿ ಯಂತ್ರಕ್ಕೆ ಹಾಕುವುದು ಅಲ್ಲಿನ ಪದ್ಧತಿ. ಹುಲ್ಲು ತಿಂದ ದನ, ದನ ತಿಂದ ನಾವು, ಮೇಲೆ ಕಬ್ಬಿನ ಸಕ್ಕರೆ ಹಾಕಿದ ಕಾಫಿ. ಎಲ್ಲರ ಉಗುರೂ ಹುಲ್ಲೇ. "ನಡೆದಾಡೋ ಮೇವು ಕಣ್ರೋ ನೀವು" ಎಂದು ಅದಾವ್ತೊ ಪ್ರತಿವರ್ಷ ಅದೇ ಜೋಕು ಹೊಡೆಯುತ್ತಿದ್ದ. ಪ್ರತಿವರ್ಷ ಎಲ್ಲರೂ ನಗುತ್ತಿದ್ದರು, ಅಂಕ ಹಾಕುವವನು ಅವನೇ ಆದ್ದರಿಂದ.

ಹೋದ ವರ್ಷ ಸಾಕ್ಷಿಯ ಮಣ್ಣು ಕೆಟ್ಟದಾಗಿ ಬಾಯಿ ಬಿಟ್ಟಿತ್ತು. ಮೊಣಕಾಲಿನ ಆಳದಲ್ಲಿ, ಕಾಡಿನ ಅಂಕಿ ಇರಬೇಕಾದಲ್ಲಿ, ಪರದೆಯ ಮೇಲೆ ಹುಲ್ಲಿನ ಕಡೆಗೆ ವಾಲಿದ ಅಂಕಿ. ಮೇಲೆ ಕಾಡು, ಕೆಳಗೆ ಕಾಡು, ನಡುವೆ ಇದೊಂದು ಪದರ. "ಬೇರು ಸೇರಿರತ್ತೆ, ಆರಿಸಿಲ್ಲ ನೀನು ಸರಿಯಾಗಿ" ಎಂದು ಅದಾವ್ತೊ ಎಲ್ಲರೆದುರು ತಾಯ್ನಾರಾಳಿಗೆ ಹೇಳಿದ್ದ. ಅವಳು ಮಳೆಗಾಲವಿಡೀ ಭೂತಗನ್ನಡಿಯ ಕೆಳಗೆ ಚಿಮುಟ ಹಿಡಿದು, ಕೂದಲಿಗಿಂತ ತೆಳ್ಳಗಿನ ಬೇರುಗಳನ್ನು ಒಂದೊಂದಾಗಿ ಎಳೆದು, ಕುತ್ತಿಗೆಗೆ ಪಟ್ಟಿ ಕಟ್ಟಿಸಿಕೊಂಡು, ಮತ್ತೆ ಯಂತ್ರಕ್ಕೆ ಹಾಕಿದಳು. ಅದೇ ಅಂಕಿ. "ಇದು ಬೇರಲ್ಲ ಪ್ರೊಫೆಸರ್ರೇ, ಬೇರೆ" ಅಂದಿದ್ದಳು, ಅಕ್ಷರ ಆಡಿಸಿದ ಖುಷಿಯಲ್ಲಿ. ಅವನು ನಗಲಿಲ್ಲ. ಅದಕ್ಕೂ ಎಷ್ಟೋ ವರ್ಷ ಹಿಂದೆ, ಯಾವುದೋ ತಂಪು ದೇಶದ ಸಭೆಯಲ್ಲಿ, ಹಿಂದಿನ ಸಾಲಿನಿಂದ ಒಬ್ಬ ಬಿಳಿಗಡ್ಡದವನು ಎದ್ದು, "ನಿಮ್ಮ ಸಾಕ್ಷಿಯ ಕಾಡಲ್ಲಿ ಯಾರೂ ಇರಲಿಲ್ಲ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದ್ದ. ಅದಾವ್ತೊ ಕೈಲಿದ್ದ ಹಾಳೆಗಳನ್ನು ಹಿಂದೆ ಮುಂದೆ ಮಗುಚಿದ. ಹೇಳಿದ್ದು ಜಮೀನಿನ ಯಜಮಾನ. ಸಭೆ ನಕ್ಕಿತು. ಹೋಟೆಲಿಗೆ ಮರಳಿ ಸ್ನಾನದ ಮನೆಯ ಕನ್ನಡಿಯ ಮುಂದೆ ಅವನು ಆ ಪ್ರಶ್ನೆಗೆ ಎಂಥೆಂಥ ಉತ್ತರ ಕೊಟ್ಟ, ಒಂದೊಂದಕ್ಕೂ ಶಿಳ್ಳೆ ಬೀಳಬೇಕು. ಊರಿಗೆ ಬಂದು ಹಟಕ್ಕೆ ಬಿದ್ದವನಂತೆ ಬರೆದ: 'ಮನುಷ್ಯರ ಕೈ ಎಂದೂ ತಾಗದ ಕಾಡು'. ಆ ಒಂದು ಸಾಲನ್ನು ಈಗ ಯಜಮಾನನ ವಕೀಲರು ಹೋದಲ್ಲೆಲ್ಲ ಓದುತ್ತಾರಂತೆ.

ಕರಣೆಗೆ ಏನೋ ತಾಗಿತು. ಮೊಣಕಾಲಿನ ಆಳ. ಅದೇ ಪದರ. ಇದ್ದಿಲಿನ ಚೂರಿರಬೇಕು; ಕಾಡೆಂದ ಮೇಲೆ ಎಂದೋ ಸಿಡಿಲು ಬಿದ್ದು ಸುಟ್ಟದ್ದು ಸಿಗುತ್ತಲೇ ಇರುತ್ತದೆ. ಉಗುರಲ್ಲಿ ಬಿಡಿಸಿದ. ಒಂದು, ಅದರ ಪಕ್ಕ ಇನ್ನೊಂದು, ಮತ್ತೊಂದು. ಒತ್ತೊತ್ತಾಗಿ, ಸಾಲಾಗಿ, ಹಲ್ಲುಗಳ ಹಾಗೆ. ಸುಟ್ಟು ಕರಿಕಾದ ಮೆಕ್ಕೆಜೋಳದ ತೆನೆಯ ತುಂಡು, ಹೆಬ್ಬೆರಳಿನಷ್ಟು, ಮೂರು ಸಾಲು ಕಾಳು ಇನ್ನೂ ಅಂಟಿಕೊಂಡೇ ಇದ್ದವು. ಯಾವಳೋ ಒಬ್ಬಳು ಕೆಂಡದ ಮೇಲಿಟ್ಟು, ಮಗು ಅತ್ತಿತೆಂದೋ ಯಾರೋ ಕರೆದರೆಂದೋ ಎದ್ದು ಹೋಗಿ, ತಿರುಗಿ ಬರುವುದರೊಳಗೆ ಹೊತ್ತಿಹೋದ ತೆನೆ. ಅದಾವ್ತೊಗೆ ಸುಟ್ಟ ಜೋಳದ ವಾಸನೆಯೇ ಬಂದಂತಾಯಿತು. ಇದನ್ನು ಪರೀಕ್ಷೆಗೆ ಕಳಿಸಿದರೆ ಯಾವ ಕಾಲದ್ದೆಂದು ವರ್ಷ ಹೇಳುತ್ತಾರೆ. ವರ್ಷ ಹೇಳಿದರೆ ಮುದುಕಿ ಹೇಳುತ್ತಿರುವುದು ನಿಜವಾಗುತ್ತದೆ: ಅವಳಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಬಂದೂಕಿನವರು ಬಂದು ಓಡಿಸುವವರೆಗೂ ಅವಳ ತಾಯಿ, ತಾಯಿಯ ತಾಯಿ ಇದೇ ಹಳ್ಳದ ಪಕ್ಕ ಕಾಡು ಕಡಿದು ಜೋಳ ಹಾಕುತ್ತಿದ್ದರು. ನಿಜವಾದರೆ ಅವನ ಪಾಲಿಗೆ ಯಜಮಾನನ ಗೇಟಿಗೆ ಬೀಗ. ಸಾಕ್ಷಿ ಸಾಕ್ಷಿಯಲ್ಲ. ಅವನ ಅಷ್ಟೂ ಲೆಕ್ಕ ಜೋಳ ತಿಂದ ಕಾಡಿನ ಲೆಕ್ಕ. ಹಿಂದಿನ ಸಾಲಿನ ಬಿಳಿಗಡ್ಡ ಮತ್ತೆ ಎದ್ದು ನಿಲ್ಲುತ್ತದೆ. ಇಷ್ಟೆಲ್ಲ ಯೋಚಿಸಿದ ಎಂದುಕೊಂಡ. ಆದರೆ ಬೆರಳುಗಳು ಅಷ್ಟು ಹೊತ್ತು ಕಾದಿರಲಿಲ್ಲ. ನೋಡಿಕೊಂಡರೆ ಹೆಬ್ಬೆರಳು ತೋರುಬೆರಳುಗಳ ನಡುವೆ ಬರೀ ಕರಿಪುಡಿ. ಅದನ್ನೂ ಬೂಟಿನಿಂದ ತಿಕ್ಕಿದ.

"ಏನಾದ್ರೂ ಸಿಕ್ತಾ?" ಮೇಲಿಂದ ತಾಯ್ನಾರಾ.

"ಇದ್ದಿಲು."

"ಆಳ ಎಷ್ಟು? ಬರ್ಕೊಳ್ಳಾ?"

"ಬೇಡ. ಮಾಮೂಲಿ ಇದ್ದಿಲು."

ಜೀಪಿನ ಸದ್ದು ಕೇಳಿತು. ಮೊದಲು ಬಂದದ್ದು ಜಮೀನಿನ ಮೇಲ್ವಿಚಾರಕ ವಾಲ್ದೆಸಿರ್, ಬೈಕಿನ ಮೇಲೆ, ತೊಡೆಯಗಲದ ಬೆಲ್ಟಿನ ಬಕ್ಕಲ್ಲು ಬಿಸಿಲಿಗೆ ಮಿಂಚಿಸುತ್ತ. ಅವನು ಗಾಡಿಯಿಂದ ಇಳಿಯುವುದೇ ಇಂಟರ್ವಲ್ಲಿಗೆ ಸ್ವಲ್ಪ ಮುಂಚೆ ಬರುವ ವಿಲನ್ನಿನ ಹಾಗೆ: ಒಂದು ಕಾಲು ನೆಲಕ್ಕೆ, ಒಂದು ನಿಟ್ಟುಸಿರು, ಆಮೇಲೆ ಇನ್ನೊಂದು ಕಾಲು. "ಡಾಕ್ಟ್ರೇ! ನಿಮ್ ಆ ಸಾಲನ್ನ ನಮ್ ವಕೀಲರು ಫ್ರೇಮ್ ಹಾಕ್ಸಿ ಗೋಡೆಗೆ ತಗ್ಲಾಕಿದಾರೆ. ಪಕ್ಕದಲ್ಲಿ ಮಾತೆ ಮರಿಯಮ್ಮನ ಫೋಟೋ. ಆ ರೇಂಜು ನಿಮ್ದು" ಅಂದ. ಗುಂಡಿಯ ಅಂಚಿಗೆ ಬಗ್ಗಿ ದನಿ ತಗ್ಗಿಸಿದ. "ಗೇಟಿನ ಕೀ ಒಂದು ನಿಮ್ ಹತ್ರಾನೇ ಇರ್ಲಿ ಅಂದಿದಾರೆ ಯಜಮಾನ್ರು. ಮನೆಯವ್ರ ಥರ ನೀವು. ಮನೆಯವ್ರು ಮನೆ ವಿಷ್ಯ ಬೀದಿಲಿ ಮಾತಾಡಲ್ಲ, ಅಲ್ವಾ?" ಅದಾವ್ತೊ ಗುಂಡಿಯಿಂದ ಹತ್ತಲು ಹೋಗಿ ಜಾರಿದ. ವಾಲ್ದೆಸಿರ್ ಕೈ ಕೊಟ್ಟು ಎಳೆದ. ಅವನ ಕೈಯಿಂದಲೇ ಮೇಲೆ ಬಂದದ್ದಾಯಿತು.

ಜೀಪಿನಿಂದ ಮಾರ್ಲೆನೆ ಮೇಡಂ ಇಳಿದರು. ಆಮೇಲೆ ಸುಮಾರು ಹೊತ್ತಿಗೆ ಒಂದು ಊರುಗೋಲು, ಒಂದು ಚಪ್ಪಲಿ, ಕೊನೆಗೆ ಆ ಮುದುಕಿ, ಮರ್ಯಾದೆಗೆ ಎಲ್ಲರೂ ದೋನಾ ಎಂದು ಸೇರಿಸಿ ಕರೆಯುವ ಜುಲ್ಮಿರಾ. ಪ್ಲಾಸ್ಟಿಕ್ ಚೀಲದಲ್ಲಿ ಸೋಡಾ ಬಾಟಲಿ, ಬಾಯಲ್ಲಿ ನಾಲ್ಕು ಹಲ್ಲು. ಅವಳು ಗುಂಡಿಯನ್ನು ಇಣುಕಿ ನೋಡಿ, ಅದಾವ್ತೊನನ್ನು ತಲೆಯಿಂದ ಕಾಲಿನವರೆಗೆ ಅಳೆದಳು. "ಏನ್ ಮಗಾ, ಸಮಾಧಿ ತೋಡ್ಕೊಂಡಿದೀಯಾ? ಉದ್ದ ಸಾಲ್ದು. ಕಾಲು ಆಚೆ ಉಳೀತದೆ." ತಾಯ್ನಾರಾ ಕಿಸಕ್ಕನೆ ನಕ್ಕಳು. ಮೇಡಂ ಕೈ ಕುಲುಕಿದರು. ಬಿಡಿಸಿಕೊಂಡಾಗ ಅವರ ಅಂಗೈಯಲ್ಲಿ ಆ ಕರಿಪುಡಿಯ ಕಪ್ಪು. ಕಾಗದದ ಕರವಸ್ತ್ರ ತೆಗೆದು ಒರೆಸಿಕೊಂಡು, ಎಲ್ಲಿ ಎಸೆಯುವುದೆಂದು ನೋಡಿ, ಕಾಡಲ್ಲವೇ ಎಂದು ಚೀಲಕ್ಕೇ ಹಾಕಿಕೊಂಡರು. ಅದಾವ್ತೊ ಆ ಚೀಲವನ್ನೇ ನೋಡುತ್ತ ನಿಂತ. ಅದರ ಜಿಪ್ಪು ಎಳೆಯುವ ಸದ್ದು ಅವನಿಗೆ ಅನಗತ್ಯವಾಗಿ ಜೋರಾಗಿ ಕೇಳಿಸಿತು.

ಜುಲ್ಮಿರಾ ಕೋಲಿನಿಂದ ತೋರಿಸತೊಡಗಿದಳು. ಅಲ್ಲಿ ಒಲೆ. ಅಲ್ಲಿ ಅಮ್ಮ ಮರಗೆಣಸು ತುರಿಯುತ್ತಿದ್ದದ್ದು. ಆ ದೊಡ್ಡ ಕಸ್ತಾನ್ಯ ಮರದ ಬುಡದಲ್ಲಿ ತಮ್ಮನ ಹೊಕ್ಕುಳಬಳ್ಳಿ ಹೂತದ್ದು.

"ನೋಡಿ ಮೇಡಂ" ವಾಲ್ದೆಸಿರ್ ಅಂದ, "ಈ ಮುದುಕಿ ಸಿಕ್ಕಸಿಕ್ಕ ಮರದ ಕೆಳಗೆಲ್ಲ ಒಲೆ ಇತ್ತು ಅಂತಾಳೆ. ಅಷ್ಟೊಂದು ಒಲೆ ಇದ್ರೆ ಅದು ಮನೆಯಲ್ಲ, ಹೋಟ್ಲು. ಬಿಲ್ ಬುಕ್ ಇದ್ರೆ ತೋರ್ಸು ಅನ್ನಿ."

ಜುಲ್ಮಿರಾ ಅವನ ಕಡೆ ತಿರುಗಲೂ ಇಲ್ಲ. "ನಿನ್ ತಾಯಿ ಎಲ್ಲಿ ಅಡುಗೆ ಮಾಡ್ತಿದ್ಲು ಅಂತ ಸರ್ಕಾರದವ್ರಿಗೆ ತೋರ್ಸು ಅಂತ ನಿಂಗ್ಯಾರೂ ಕೇಳಿಲ್ವಲ್ಲ ಕಂದಾ. ಪುಣ್ಯವಂತ ನೀನು."

ಮೇಡಂ ಸುಸ್ತಾಗಿದ್ದರು. ಕಂಕುಳಲ್ಲಿ ಬೆವರಿನ ನಕಾಶೆ. ಅವರ ಮೇಲೆ ಅದಾವ್ತೊಗೆ ಕೋಪ ಬರಬೇಕಿತ್ತು, ಬರಲಿಲ್ಲ. ಕೆಟ್ಟವರಾಗಿದ್ದರೆ ಚೆನ್ನಾಗಿತ್ತು ಎನಿಸಿತು. "ಡಾಕ್ಟರ್, ನಂಗೆ ವಿಜ್ಞಾನ ಗೊತ್ತಾಗಲ್ಲ" ಅಂದರು. "ಒಂದೇ ಕೇಳ್ತೀನಿ. ಇಲ್ಲಿ ಹಿಂದೆ ಜೋಳ ಬೆಳೆದಿದ್ರೆ ನಿಮ್ ಮಣ್ಣಲ್ಲಿ ಗೊತ್ತಾಗತ್ತಂತೆ. ಗೊತ್ತಾಗಿದ್ಯಾ?"

ಗೂಳಿಯೊಂದು ಬೇಲಿಯಾಚೆ ಕೂಗಿತು. ಅದಾವ್ತೊ ಗಂಟಲು ಸರಿಮಾಡಿಕೊಂಡ. ಪಾಠ ಮಾಡುವ ದನಿ ತಾನಾಗಿ ಬಂತು. ಆ ದನಿ ಬಂದರೆ ಅವನು ಅವನಲ್ಲ, ಎಷ್ಟೋ ನಿರಾಳ. "ಮಣ್ಣು ಹೇಳತ್ತೆ ಮೇಡಂ. ಆದ್ರೆ ಹುಲ್ಲೋ ಜೋಳವೋ ಅಂತ ಬಿಡಿಸಿ ಹೇಳಲ್ಲ. ಎರಡರ ಗುರುತೂ ಒಂದೇ. ಸಾವಿರಾರು ವರ್ಷದ ಹಿಂದೆ ಮಳೆ ಕಮ್ಮಿಯಾಗಿ ಈ ಕಡೆ ಬಯಲು ಇದ್ದಿರ್ಬಹುದು. ಹುಲ್ಲುಗಾವಲಿನ ಧೂಳು ಸೇರಿರ್ಬಹುದು. ಮಾದರಿ ಬೆರಕೆ ಆಗಿರ್ಬಹುದು. ವಿಜ್ಞಾನದಲ್ಲಿ ಅವಸರ ಮಾಡೋ ಹಾಗಿಲ್ಲ." ಒಂದೊಂದು ಮಾತೂ ನಿಜ. ಯಾವ ಸಭೆಯಲ್ಲಿ ಬೇಕಾದರೂ ಹೇಳಬಹುದು. ಹಿಂದಿನ ಸಾಲಿನವರೂ ತಲೆಯಾಡಿಸುತ್ತಾರೆ. ಇಷ್ಟು ನಿಜಗಳನ್ನು ಜೋಡಿಸಿ ಒಂದು ಸುಳ್ಳು ಕಟ್ಟಬಹುದೆಂದು ಅವನಿಗೆ ಇಷ್ಟು ವರ್ಷ ತಿಳಿದೇ ಇರಲಿಲ್ಲ. ಕಟ್ಟುತ್ತ ಕಟ್ಟುತ್ತ ಸ್ವಲ್ಪ ಹೆಮ್ಮೆಯೂ ಆಯಿತು.

"ಪ್ರೊಫೆಸರ್ರೇ" ತಾಯ್ನಾರಾ ಅಂದಳು. "ಹೋದ ವರ್ಷದ್ದು? ನಾನು ಎರಡನೇ ಸಲ ಮಾಡಿದ್ದು?"

"ಅದ್ರಲ್ಲಿ ಬೇರಿತ್ತು."

"ಇರ್ಲಿಲ್ಲ."

"ಇತ್ತು, ತಾಯ್ನಾರಾ. ನಿನ್ನ ಪ್ರಬಂಧದ ಮಾತು ಆಮೇಲೆ ಆಡೋಣ."

ಪ್ರಬಂಧ ಎಂಬ ಶಬ್ದವನ್ನು ಅವನು ಬೇಕೆಂದೇ ಹಾಕಿದ್ದ. ಅದು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವಳ ಕೈ ಕುತ್ತಿಗೆಯ ಹಿಂಭಾಗಕ್ಕೆ ಹೋಯಿತು, ಪಟ್ಟಿ ಕಟ್ಟಿದ್ದ ಜಾಗಕ್ಕೆ, ಅಲ್ಲೇ ನಿಂತಿತು. ಬಾಯಿ ಮುಚ್ಚಿದಳು. ಮುಚ್ಚುವಾಗ ಅವಳ ಮುಖದಲ್ಲಿ ಆದದ್ದನ್ನು ಅವನು ಪೂರ್ತಿ ನೋಡಿದ. ಕಣ್ಣು ತಿರುಗಿಸಿದ್ದರೆ ಚೆನ್ನಾಗಿತ್ತು.

"ಅಂದ್ರೆ, ಇಲ್ಲಿ ಜನ ಇದ್ರು ಅನ್ನೋಕೆ ನಿಮ್ ಹತ್ರ ಏನೂ ಇಲ್ಲ" ಮೇಡಂ ಅಂದರು.

"ಖಚಿತವಾಗಿ... ಇಲ್ಲ."

ಜುಲ್ಮಿರಾ ಸೋಡಾ ಬಾಟಲಿಯ ಮುಚ್ಚಳ ತೆಗೆಯಲು ಒದ್ದಾಡುತ್ತಿದ್ದಳು. ಅವನ ಪಾಠ ಅವಳಿಗೆ ಅರ್ಥವಾಗಿತ್ತೋ ಇಲ್ಲವೋ. ವಾಲ್ದೆಸಿರ್ ಬಾಟಲಿ ಈಸಿಕೊಂಡು, ತೆರೆದು, ಭಾರೀ ಮರ್ಯಾದೆಯಿಂದ ಅವಳ ಕೈಗೆ ಕೊಟ್ಟ. ಅವಳು ಗುಟುಕರಿಸಿ ತೇಗಿದಳು. ಮೇಡಂ ಎರಡು ಸಾಲು ಬರೆದು, ಗಡಿಯಾಚೆ ಇನ್ನೊಂದು ಜಮೀನು ನೋಡುವುದಿದೆ, ದೋನಾ ಜುಲ್ಮಿರಾಳನ್ನು ನಿಮ್ಮ ಗಾಡಿಯಲ್ಲಿ ಊರಿಗೆ ಬಿಡುತ್ತೀರಾ ಎಂದು ಕೇಳಿ ಹೊರಟುಹೋದರು. ಬಿಡುತ್ತೀರಾ ಎನ್ನುವ ಪ್ರಶ್ನೆಗೆ ಅದಾವ್ತೊ ತಕ್ಷಣ, ಖಚಿತವಾಗಿ, ಹೂಂ ಅಂದ.

ಚೀಲಗಳನ್ನು ಗಾಡಿಗೆ ಏರಿಸುವಾಗ ವಾಲ್ದೆಸಿರ್ ಅವನ ಬೆನ್ನು ತಟ್ಟಿದ. "ಡಾಕ್ಟ್ರೇ, ಕೋಟಿಗೊಬ್ರು ನೀವು. ತುಂಬ್ಕೊಳಿ, ಎಷ್ಟು ಬೇಕೋ ಮಣ್ಣು ಇವತ್ತೇ ತುಂಬ್ಕೊಳಿ."

"ಮಳೆ ನಿಂತ್ಮೇಲೆ ಮತ್ತೆ ಬರ್ತೀವಲ್ಲ."

"ಬನ್ನಿ, ಬನ್ನಿ. ಆದ್ರೆ ಆಗ ಇಲ್ಲಿ ಮರ ಇರಲ್ಲ." ಅವನು ಎಷ್ಟು ಸಹಜವಾಗಿ ಹೇಳಿದನೆಂದರೆ ಅದಾವ್ತೊಗೆ ಮೊದಲು ಜೋಕೆನಿಸಿತು. "ಇಷ್ಟು ದಿನ ಕೈ ಕಟ್ಕೊಂಡ್ ಕೂತಿದ್ದು ಯಾಕೆ ಅನ್ಕೊಂಡ್ರಿ? ಕಾಡಿನ ಮೇಲೆ ಪ್ರೀತೀನಾ? ಮುದುಕಿ ತಕರಾರು ಹಾಕಿದ್ಲು, ತೀರ್ಮಾನ ಆಗೋವರ್ಗೂ ಮುಟ್ಬೇಡಿ ಅಂದಿದ್ರು. ಇವತ್ತು ನೀವು ತೀರ್ಮಾನ ಮಾಡ್ಕೊಟ್ರಿ. ಎರಡು ಟ್ರಾಕ್ಟರು, ನಡುವೆ ಹಡಗಿನ ಸರಪಳಿ. ಈ ಕಡೆಯಿಂದ ಆ ಕಡೆಗೆ ಒಂದೇ ಎಳೆತ."

"ಕಾನೂನು ಇದ್ಯಲ್ಲ. ಇಷ್ಟು ಭಾಗ ಕಾಡು ಉಳಿಸ್ಬೇಕು ಅಂತ..."

"ಉಳಿಸಿದೀವಲ್ಲ! ಬೇರೆ ಕಡೆ, ಬೇರೆಯವ್ರ ಜಮೀನಲ್ಲಿ, ಕಾಗದದ ಮೇಲೆ. ತುಂಬಾ ದಟ್ಟವಾಗಿದೆ ಅಲ್ಲಿ." ವಾಲ್ದೆಸಿರ್ ಬೈಕಿಗೆ ಕಿಕ್ ಹೊಡೆದ. "ಬೇಜಾರ್ ಮಾಡ್ಕೋಬೇಡಿ. ಹೊಸ ಹುಲ್ಲು ಬಂದ್ಮೇಲೂ ಬನ್ನಿ. ಗೇಟು ನಿಮ್ಗೆ ಯಾವತ್ತೂ ತೆಗ್ದೇ ಇರತ್ತೆ."

ಅದಾವ್ತೊ ಕಾಡಿನ ಕಡೆ ನೋಡಿದ. ಈ ನೆಲಕ್ಕಾಗಿಯೇ ಬಾಯಿ ಮುಚ್ಚಿದ್ದು. ಬಾಯಿ ಮುಚ್ಚಿದ್ದರಿಂದಲೇ ನೆಲ ಹೋಯಿತು. ಅಳು ಬರಬೇಕಿತ್ತು. ಆದರೆ ಆ ಗಳಿಗೆಯಲ್ಲಿ ಅವನ ತಲೆ ಅವನನ್ನು ಕೇಳದೆ ಇನ್ನೊಂದು ಕೆಲಸ ಮಾಡುತ್ತಿತ್ತು: ಕಡಿಯುವ ಮುಂಚಿನ ಮಣ್ಣು ಕೈಯಲ್ಲಿದೆ. ಕಡಿದ ಮೇಲೆ ಪ್ರತಿವರ್ಷ ತೋಡಿದರೆ, ಕಾಡಿನ ಇಂಗಾಲ ಮೊದಲ ದಿನದಿಂದ ಹೇಗೆ ಕರಗುತ್ತ ಹೋಗುತ್ತದೆಂದು ಬರೆಯಬಹುದು. ಅಂಥದ್ದು ಯಾರ ಹತ್ತಿರವೂ ಇಲ್ಲ. ಒಳ್ಳೆಯ ಪ್ರಬಂಧ. ತಾಯ್ನಾರಾಳಿಗೆ ಕೊಡಬಹುದು, ಅವಳಿಗೂ ಸಮಾಧಾನವಾಗುತ್ತದೆ. ಲೆಕ್ಕ ಎಲ್ಲಿಗೆ ಬಂದು ಮುಟ್ಟಿತೆಂದು ಗೊತ್ತಾದಾಗ ಅವನಿಗೆ ತನ್ನ ತಲೆಯನ್ನು ತೆಗೆದು ಚೀಲಕ್ಕೆ ಹಾಕಿ ಗಂಟು ಕಟ್ಟಬೇಕೆನಿಸಿತು. ಗಂಟು ಕಟ್ಟಿದ್ದು ಮಣ್ಣಿಗೆ. ಕೊನೆಯ ಚೀಲ, ಮೊಣಕಾಲಿನ ಆಳದ್ದು.

ತಾಯ್ನಾರಾ ಹೋಗಿ ಸ್ಟೇರಿಂಗಿನ ಮುಂದೆ ಕೂತಳು. ಅದಾವ್ತೊ ಕಿಟಕಿಯ ಪಕ್ಕ. ನಡುವೆ ಜುಲ್ಮಿರಾ, ಊರುಗೋಲನ್ನು ಗೇರಿನ ಕೋಲಿಗೆ ತಾಗದಂತೆ ಮೊಣಕಾಲ ಸಂದಿಯಲ್ಲಿ ಸಿಗಿಸಿಕೊಂಡು. ಗೇಟು ದಾಟಿತು. ಕೆಂಪು ದೂಳಿನ ದಾರಿ, ಎರಡೂ ಕಡೆ ಹುಲ್ಲು, ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ನಿಂತೇ ಸತ್ತ ಮರ. ಮುದುಕಿಯ ಮೈಯಿಂದ ಹೊಗೆಯ, ಹರಳೆಣ್ಣೆಯ ವಾಸನೆ ಬರುತ್ತಿತ್ತು. ಗಾಡಿ ಕುಲುಕಿದಾಗಲೆಲ್ಲ ಅವಳ ಭುಜ ಅವನ ತೋಳಿಗೆ ಒರಗುತ್ತಿತ್ತು, ಅವಳು ಅದಕ್ಕೆ ಸಂಕೋಚಪಡಲಿಲ್ಲ. ಮಡಿಲಿನ ಡಬ್ಬಿಯಿಂದ ಹುರಿದ ಮರಗೆಣಸಿನ ಹಿಟ್ಟು ತೆಗೆದು ಬಾಯಿಗೆ ಎಸೆದುಕೊಂಡು, ಡಬ್ಬಿಯನ್ನು ಅವನ ಮುಂದೆ ಹಿಡಿದಳು. ಬೇಡವೆನ್ನಲಾಗದೆ ತೆಗೆದುಕೊಂಡ. ಒಣಹಿಟ್ಟು ಅಂಗುಳಿಗೆ ಅಂಟಿಕೊಂಡಿತು, ನುಂಗಲಾಗಲಿಲ್ಲ.

"ಆ ಹೆಂಗಸು ಏನ್ ಬರ್ಕೊಂಡ್ಲು ಮಗಾ?" ಅಂದಳು ಅವಳು. "ನೀನು ತುಂಬಾ ಮಾತಾಡ್ದೆ. ಒಳ್ಳೇದೇ ಹೇಳಿರ್ತೀಯ ಬಿಡು."

ತಾಯ್ನಾರಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಗೇರು ಮಾತ್ರ ಕರಕರ ಎಂದಿತು. ಗಾಡಿ ತಿರುಗಿಸು ಎನ್ನಬಹುದಿತ್ತು. ಮೇಡಂ ಇನ್ನೂ ದೂರ ಹೋಗಿರಲಿಕ್ಕಿಲ್ಲ. ಅವನು ತಿರುಗಿಸು ಎನ್ನಲಿಲ್ಲ. ಅದರ ಬದಲು, ಹಿಟ್ಟು ಮೆತ್ತಿದ ಬಾಯಲ್ಲಿ, ಎಂಜಿನ್ನಿನ ಸದ್ದಿನ ಕೆಳಗೆ, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ: "ಜೋಳ ಇತ್ತು, ಅಜ್ಜಿ. ಅಲ್ಲಿ ಜೋಳ ಇತ್ತು. ನಿಮ್ಮಮ್ಮ ಬೆಳೆದಿದ್ದು." ಹೇಳಿದ ಮೇಲೆ ಏನೋ ಹಗುರಾದಂತೆ, ಕಣ್ಣು ತುಂಬಿದಂತೆ, ಅವಳು ಈಗ ತನ್ನ ಕೈ ಹಿಡಿಯುತ್ತಾಳೇನೋ ಎಂದು ಕಾದಂತೆ ಕೂತ.

ಜುಲ್ಮಿರಾ ಅವನ ಕಡೆ ತಿರುಗಿದಳು. ಕೋಪವಿರಲಿಲ್ಲ. ಅರ್ಥವಾಗದ್ದನ್ನು ಅರ್ಥ ಮಾಡಿಕೊಳ್ಳುವವಳಂತೆ ಅವನ ಮುಖ ನೋಡಿದಳು.

"ನಂಗ್ಯಾಕ್ ಹೇಳ್ತೀಯೋ?" ಅಂದಳು. "ನಂಗ್ ಗೊತ್ತಲ್ಲ."

ಆಮೇಲೆ ಡಬ್ಬಿಯ ಮುಚ್ಚಳ ಒತ್ತಿ ಮಡಿಲಿಗೆ ಹಾಕಿಕೊಂಡು, ತಾಯ್ನಾರಾಳ ಕಡೆಗೆ ಚೂರು ಸರಿದು ಕೂತಳು.